ಷೇರು ಫಲಕಗಳ ಅಂತೆ-ಕಂತೆಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು?

ತುಂಗಾತೀರ, ಶಿವಮೊಗ್ಗ (ಚರ್ಚೆ ಆರಂಭಿಸಿದವರು)

ಷೇರು ಕೊಳ್ಳುವ ಮೊದಲು ಮನಿಕಂಟ್ರೋಲ್‌ನ ಸಂದೇಶ ಫಲಕ, ವ್ಯಾಲ್ಯೂಪಿಕರ್ ಎಂಬ ಹೂಡಿಕೆ ಚರ್ಚೆಯ ತಾಣ, ರೆಡ್ಡಿಟ್, ಟೆಲಿಗ್ರಾಂ ಗುಂಪು ಎಲ್ಲವನ್ನೂ ತಡಕಾಡುವುದು ಈಗ ರೂಢಿಯಾಗಿದೆ. ನನಗೂ ಆ ರೂಢಿ ಇದೆ. ಹೀಗೆ ಓದುವುದು ಅಧ್ಯಯನವೇ ಅಥವಾ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ನಾಲ್ಕು ಜನ ಹೂಂಗುಟ್ಟಲಿ ಎಂಬ ಆಸೆಯೇ ಎಂಬುದನ್ನು ಚರ್ಚಿಸೋಣ ಎನ್ನಿಸಿತು.

ನಾನು ಪಾಲಿಸುವ ಕ್ರಮ ಸ್ವಲ್ಪ ಒರಟು. ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಬರೆದ ಯಾವುದನ್ನೂ ಓದುವುದಿಲ್ಲ. "500 ಪಕ್ಕಾ", "ಸೋಮವಾರ ರಾಕೆಟ್", "ಇವತ್ತು ಕೊಂಡವನೇ ಜಾಣ" ಎಂಬಂಥವು ಕಣ್ಣಿಗೆ ಬಿದ್ದ ಕೂಡಲೇ ಮುಂದಕ್ಕೆ ಹೋಗುತ್ತೇನೆ. ಕಂಪನಿ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ, ಮಾರಿದ ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂದು ಬರೆದವರ ಬಳಿ ಮಾತ್ರ ನಿಲ್ಲುತ್ತೇನೆ. ಅಂಥವರು ತೀರಾ ವಿರಳ. ಅವರ ಮಾತನ್ನೂ ಉತ್ತರವೆಂದು ಒಪ್ಪುವುದಿಲ್ಲ, ವಾರ್ಷಿಕ ವರದಿಯಲ್ಲಿ ಹುಡುಕಬೇಕಾದ ಪ್ರಶ್ನೆಯೆಂದು ಗುರುತು ಹಾಕಿಕೊಳ್ಳುತ್ತೇನೆ.

ಒಂದು ಷರತ್ತು. ಸಣ್ಣ ಕಂಪನಿಯ ಹೆಸರು ಹೇಳಿ "ಕೊಳ್ಳಬಹುದೇ" ಎಂದು ಇಲ್ಲಿ ಕೇಳಬೇಡಿ. ದಾಖಲೆಯಲ್ಲಿರುವ ಹಳೆಯ ಪ್ರಕರಣಗಳನ್ನು ಹೆಸರಿಸಲು ಅಡ್ಡಿಯಿಲ್ಲ.

ಹೊಸಹೆಜ್ಜೆ, ದಾವಣಗೆರೆ

ಸಾರ್, ಒಳ್ಳೆಯ ಸಮಯಕ್ಕೆ ಈ ಮಾತು ಎತ್ತಿದಿರಿ. ನಾನು ಷೇರು ಇಡುವ ಡಿಮ್ಯಾಟ್ ಖಾತೆ ತೆರೆದು ಹೆಚ್ಚು ಕಾಲವಾಗಿಲ್ಲ. ಪರಿಚಯದವರೊಬ್ಬರು ಟೆಲಿಗ್ರಾಂ ಗುಂಪೊಂದಕ್ಕೆ ಸೇರಿಸಿದ್ದಾರೆ. ಅಲ್ಲಿ ಬೆಳಗಿನಿಂದ ರಾತ್ರಿವರೆಗೂ ಒಂದು ಸಣ್ಣ ಕಂಪನಿಯದೇ ಜಪ. ಷೇರು ದಿನವೂ 5% ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ, ಮುಟ್ಟುತ್ತಿದೆ. ದೊಡ್ಡ ಆರ್ಡರ್ ಬಂದಿದೆಯಂತೆ, ಹೆಸರಾಂತ ಸಮೂಹವೊಂದು ಪಾಲು ಕೊಳ್ಳಲಿದೆಯಂತೆ. ಕೊಳ್ಳಲು ಹೋದರೆ ಮಾರುವವರೇ ಇಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಇಂಥ ಮಾತನ್ನು ಪರೀಕ್ಷಿಸುವುದು ಎಲ್ಲಿಂದ ಶುರುವಾಗಬೇಕು?

ಮಾರುಕಟ್ಟೆನಾಡಿ, ಬೆಂಗಳೂರು

ಕೊಳ್ಳಲು ಹೋದಾಗ ಮಾರುವವರು ಸಿಗದ ಷೇರಿನಲ್ಲಿ ಮಾರಲು ಹೋದಾಗ ಕೊಳ್ಳುವವರೂ ಸಿಗುವುದಿಲ್ಲ. ಇಳಿಕೆಯ ಮಿತಿಯಾದ ಲೋವರ್ ಸರ್ಕ್ಯೂಟ್ ಬಿದ್ದ ದಿನ ಆ ಗುಂಪಿನಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆ ಎಂದು ನೋಡಿ.

ಲೆಕ್ಕಪುಸ್ತಕ, ಹುಬ್ಬಳ್ಳಿ

ಹೊಸಹೆಜ್ಜೆ ಅವರೇ, ನೀವು ಕೇಳಿದ ಎರಡೂ ಮಾತುಗಳು ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ ಚಾಚೂ ತಪ್ಪದೆ ಇದ್ದವು. ಷೇರುಪೇಟೆಯ ನಿಯಂತ್ರಕ ಸೆಬಿಯ ಆದೇಶವನ್ನು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ನಾನು ಲೆಕ್ಕಪರಿಶೋಧನೆ ಮಾಡುವವನು, ಇಂಥ ಆದೇಶಗಳನ್ನು ಓದುವ ಚಟ ನನಗಿದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2022ರ ಜುಲೈನಲ್ಲಿ 'ದಿ ಅಡ್ವೈಸರ್', 'ಮನಿವೈಸ್' ಎಂಬ ಎರಡು ಯೂಟ್ಯೂಬ್ ವಾಹಿನಿಗಳಲ್ಲಿ ಈ ಕಂಪನಿಯ ಬಗ್ಗೆ ವಿಡಿಯೊಗಳು ಬಂದವು. ಅದಾನಿ ಸಮೂಹ ಇದನ್ನು ಕೊಳ್ಳಲಿದೆ ಎಂದು ಹೇಳಲಾಯಿತು. ಅಮೆರಿಕದ ದೊಡ್ಡ ಸಂಸ್ಥೆಯೊಂದು ನಾಲ್ಕು ಭಕ್ತಿಪ್ರಧಾನ ಚಿತ್ರಗಳಿಗಾಗಿ 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂದೂ ಹೇಳಲಾಯಿತು. ಎರಡೂ ಸುಳ್ಳು. ಸಣ್ಣ ಷೇರುದಾರರ ಸಂಖ್ಯೆ 2,167 ಇದ್ದದ್ದು 55,343ಕ್ಕೆ ಏರಿತು. ಅವರೆಲ್ಲ ಕೊಳ್ಳುತ್ತಿದ್ದಾಗ ಮಾರಿದವರು ಯಾರು? ಕೆಲವು ಪ್ರವರ್ತಕರು (ಕಂಪನಿಯ ಹಿಡಿತ ಇಟ್ಟುಕೊಂಡವರು), ಕಂಪನಿಯ ಮೇಲಿನ ಸ್ಥಾನದಲ್ಲಿದ್ದವರು ಮತ್ತು ಮೊದಲೇ ದೊಡ್ಡ ಪಾಲು ಇಟ್ಟುಕೊಂಡಿದ್ದವರು. 2023ರ ಮಾರ್ಚ್ 2ರಂದು ಮಧ್ಯಂತರ ಆದೇಶ ಬಂತು, 2025ರ ಮೇನಲ್ಲಿ ಅಂತಿಮ ಆದೇಶ. ಸೆಬಿ ಕದ ಹಾಕುವ ಹೊತ್ತಿಗೆ ಊರು ಕೊಳ್ಳೆ ಹೋಗಿತ್ತು.

ಆಗ ಒಬ್ಬ ಸಾಮಾನ್ಯ ಹೂಡಿಕೆದಾರ ಅರ್ಧ ಗಂಟೆ ಕುಳಿತಿದ್ದರೆ ಏನು ಸಿಗುತ್ತಿತ್ತು? ಮೊದಲು ಮುಂಬೈ ಷೇರುಪೇಟೆಯ, ಅಂದರೆ ಬಿಎಸ್‌ಇಯ, ಜಾಲತಾಣದಲ್ಲಿ ಆ ಕಂಪನಿಯ ಪುಟ ತೆರೆದು ಪ್ರಕಟಣೆಗಳ ಪಟ್ಟಿ ನೋಡಬೇಕಿತ್ತು. ಸೆಬಿಯ 2015ರ ನೋಂದಣಿ ಮತ್ತು ಬಹಿರಂಗಪಡಿಸುವಿಕೆ ನಿಯಮಗಳ 30ನೇ ನಿಯಮದಂತೆ ಬೆಲೆಯ ಮೇಲೆ ಪರಿಣಾಮ ಬೀರುವ ಸಂಗತಿಯನ್ನು ಕಂಪನಿ ಷೇರುಪೇಟೆಗೆ ತಿಳಿಸಲೇಬೇಕು. ಅಷ್ಟು ದೊಡ್ಡ ಒಪ್ಪಂದ ಯೂಟ್ಯೂಬ್‌ನಲ್ಲಿದೆ, ಬಿಎಸ್‌ಇಯಲ್ಲಿ ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಇನ್ನು ಸ್ವಾಧೀನದ ಮಾತು. 2011ರ ಸ್ವಾಧೀನ ನಿಯಮಗಳಂತೆ ಯಾರೇ ಆಗಲಿ 25% ಅಥವಾ ಹೆಚ್ಚು ಪಾಲು ಪಡೆದರೆ ಉಳಿದ ಷೇರುದಾರರಿಗೆ ಮುಕ್ತ ಕೊಡುಗೆ, ಅಂದರೆ ಅವರ ಷೇರನ್ನೂ ಕೊಳ್ಳುವ ಆಹ್ವಾನ, ನೀಡಬೇಕು. ಅದಕ್ಕೆ ಸಾರ್ವಜನಿಕ ಪ್ರಕಟಣೆ ಬೇಕು. ಕಂಪನಿ ಕೈಬದಲಾಗುವುದು ಟೆಲಿಗ್ರಾಂ ಗುಂಪಿಗೆ ಮಾತ್ರ ತಿಳಿಯುವಂಥ ಗುಟ್ಟಿನ ವ್ಯವಹಾರವಲ್ಲ.

ಆಮೇಲೆ ಗಾತ್ರ. 1,100 ಕೋಟಿ ಎಂದು ಕೇಳಿದೊಡನೆ ಕಂಪನಿಯ ಹಿಂದಿನ ವರ್ಷದ ಒಟ್ಟು ಆದಾಯವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಆರ್ಡರ್ ಎಂಬ ಪದವನ್ನು ನಂಬುವ ಮುನ್ನ ಅದನ್ನು ಪೂರೈಸಲು ಯಂತ್ರ, ಜನ, ದುಡಿಯುವ ಬಂಡವಾಳ ಎಲ್ಲಿವೆ ಎಂದು ಕೇಳಿ. ಇದಕ್ಕೆ ಯಾವ ಪದವಿಯೂ ಬೇಡ.

ಷೇರುದಾರಿಕೆಯ ವಿವರವನ್ನು ಕೊನೆಗೆ ನೋಡಿ. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಅದು ಬರುತ್ತದೆ. ಎರಡು ಲಕ್ಷ ರೂಪಾಯಿವರೆಗಿನ ಮುಖಬೆಲೆಯ ಷೇರು ಹೊಂದಿದ ವ್ಯಕ್ತಿಗಳದೇ ಒಂದು ಸಾಲು ಅದರಲ್ಲಿರುತ್ತದೆ. ಆ ಸಾಲಿನ ತಲೆಯೆಣಿಕೆ ಉಬ್ಬುತ್ತ, ಪ್ರವರ್ತಕರ ಸಾಲು ಕರಗುತ್ತ ಹೋದರೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಈ ವಿವರ ಬರುವ ಹೊತ್ತಿಗೆ ಆಟ ಮುಗಿದಿರಲೂಬಹುದು. ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ.

ಟೆಲಿಗ್ರಾಂ ಎಂದಿರಿ, ಅದಕ್ಕೂ ಒಂದು ಆದೇಶವಿದೆ. 'ಬುಲ್‌ರನ್2017' ಎಂಬ ವಾಹಿನಿಗೆ ಸುಮಾರು 50 ಸಾವಿರ ಚಂದಾದಾರರಿದ್ದರು. ನಡೆಸುವವರು ಸಣ್ಣ ಷೇರನ್ನು ಮೊದಲು ತಾವು ಕೊಂಡು, ನಂತರ ವಾಹಿನಿಯಲ್ಲಿ ಶಿಫಾರಸು ಮಾಡಿ, ಜನ ನುಗ್ಗಿದಾಗ ಮಾರುತ್ತಿದ್ದರು ಎಂದು ಸೆಬಿ 2022ರ ಜನವರಿಯ ಆದೇಶದಲ್ಲಿ ಹೇಳಿ ಅವರನ್ನು ಮಾರುಕಟ್ಟೆಯಿಂದ ದೂರವಿಟ್ಟಿತು.

ಹೊಸಹೆಜ್ಜೆ, ದಾವಣಗೆರೆ

ಧನ್ಯವಾದ ಸಾರ್. ಬಿಎಸ್‌ಇ ಪುಟ ನೋಡಿದೆ. ಆರ್ಡರ್ ಬಗ್ಗೆ ಒಂದು ಪ್ರಕಟಣೆ ನಿಜಕ್ಕೂ ಇದೆ. "ಪ್ರತಿಷ್ಠಿತ ಗ್ರಾಹಕರಿಂದ" ಎಂದಷ್ಟೇ ಇದೆ, ಗ್ರಾಹಕರ ಹೆಸರಿಲ್ಲ. ಇದನ್ನು ಹೇಗೆ ಓದಬೇಕು?

ಲೆಕ್ಕಪುಸ್ತಕ, ಹುಬ್ಬಳ್ಳಿ

ಗ್ರಾಹಕರ ಹೆಸರು ಮುಚ್ಚಿಡಲು ಕೆಲವೊಮ್ಮೆ ನ್ಯಾಯವಾದ ಕಾರಣವಿರುತ್ತದೆ, ರಕ್ಷಣಾ ವಲಯದ ಕೆಲಸವಾದರೆ ಸಹಜವೇ. ಹಾಗಾಗಿ ಹೆಸರಿಲ್ಲ ಎಂಬುದೊಂದರಿಂದ ಏನೂ ಸಾಬೀತಾಗುವುದಿಲ್ಲ. ಹಿಂದೆ ಇದೇ ರೀತಿ ಪ್ರಕಟಿಸಿದ ಆರ್ಡರ್‌ಗಳು ಆನಂತರದ ಫಲಿತಾಂಶಗಳಲ್ಲಿ ಮಾರಾಟವಾಗಿ ಕಾಣಿಸಿಕೊಂಡವೇ ಎಂದು ನೋಡಿ. ಮಾರಾಟ ಏರಿದ್ದರೆ ನಗದು ಹರಿವಿನ ಪಟ್ಟಿಗೆ ಹೋಗಿ. ಲಾಭ ಏರುತ್ತಿದ್ದು, ವ್ಯವಹಾರದಿಂದ ಬಂದ ನಗದು ವರ್ಷದಿಂದ ವರ್ಷಕ್ಕೆ ಋಣಾತ್ಮಕವಾಗಿದ್ದು, ಗ್ರಾಹಕರಿಂದ ಬರಬೇಕಾದ ಬಾಕಿ ಬೆಟ್ಟದಂತೆ ಬೆಳೆಯುತ್ತಿದ್ದರೆ ಆ ಮಾರಾಟ ಕಾಗದದ ಮೇಲಿನದಾಗಿರಬಹುದು.

ಘಟಪ್ರಭಾ, ಗೋಕಾಕ

ನಾನು ಕಬ್ಬು ಬೆಳೆಯುವವನು. ಸಕ್ಕರೆ ಕಂಪನಿಯೊಂದರ ಷೇರನ್ನೂ ಸ್ವಲ್ಪ ಇಟ್ಟುಕೊಂಡಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತುಂಗಾತೀರ ಅವರ ಮಾತಿಗೆ ನನ್ನ ಕಡೆಯಿಂದ ಒಂದು ಉದಾಹರಣೆ.

2023ರಲ್ಲಿ ಷೇರು ಫಲಕಗಳಲ್ಲಿ ಸಕ್ಕರೆ ಕಂಪನಿಗಳೆಂದರೆ ಎಥೆನಾಲ್ ಎಂಬ ಒಂದೇ ಮಂತ್ರ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಗುರಿ 20%, ಆದ್ದರಿಂದ ಇನ್ನು ಹಿಂತಿರುಗಿ ನೋಡುವ ಹಾಗಿಲ್ಲ ಎಂದು ಪುಟಗಟ್ಟಲೆ ಬರೆಯುತ್ತಿದ್ದರು. ಅದೇ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ನೀರಿಲ್ಲದೆ ಕಬ್ಬಿನ ಗೆಣ್ಣು ಗಿಡ್ಡವಾಗಿತ್ತು, ಕೂಳೆ ಬೆಳೆ ಇನ್ನೂ ಬಡವಾಗಿತ್ತು. ಗೆಣ್ಣು ಗಿಡ್ಡವಾದರೆ ಗಾಡಿ ತುಂಬಿದರೂ ತೂಕ ಬರುವುದಿಲ್ಲ. ಕಬ್ಬು ಕಡಿಮೆ ಎಂದರೆ ಅಕ್ಕಪಕ್ಕದ ಕಾರ್ಖಾನೆಗಳು ಪೈಪೋಟಿಯಲ್ಲಿ ಕಬ್ಬು ಎಳೆದುಕೊಳ್ಳುತ್ತವೆ, ನುರಿಸುವ ಹಂಗಾಮು ಬೇಗ ಮುಗಿಯುತ್ತದೆ. ಇದು ನಮ್ಮ ಭಾಗದ ಯಾವ ಚಹಾದಂಗಡಿಯಲ್ಲಿ ಕುಳಿತರೂ ಕಿವಿಗೆ ಬೀಳುತ್ತಿದ್ದ ಮಾತು. ಫಲಕದಲ್ಲಿ ಯಾರೋ ಒಬ್ಬರು ಇದನ್ನು ಬರೆದರೆ "ನಿನಗೆ ಷೇರು ಇಳಿಯಬೇಕೇನು" ಎಂದು ಮೇಲೆ ಬಿದ್ದರು.

ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ತಯಾರಿಸುವುದನ್ನು ತಡೆಯಿತು. ಸಕ್ಕರೆ ಷೇರುಗಳು ಕುಸಿದವು. ಆಮೇಲೆ ಅದೇ ತಿಂಗಳು ಮಿತಿ ಹಾಕಿ ಸ್ವಲ್ಪ ಸಡಿಲಿಸಿದರು. ಇದು ಆಕಾಶದಿಂದ ಬಿದ್ದ ಸಿಡಿಲು ಎಂದು ಗೋಳಾಡಿದವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ಕಬ್ಬು ಕಡಿಮೆಯಾದ ವರ್ಷ ಸರ್ಕಾರಕ್ಕೆ ಚಿಂತೆ ಇರುವುದು ಕಿರಾಣಿ ಅಂಗಡಿಯ ಸಕ್ಕರೆಯ ಬೆಲೆಯ ಬಗ್ಗೆ, ಅದೂ ಚುನಾವಣೆ ಹತ್ತಿರವಿದ್ದಾಗ.

ಇನ್ನೊಂದು ಸಂಗತಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ಕಾರ್ಖಾನೆಯ ಬಳಿ ಹಣ ಸಾಲುತ್ತಿಲ್ಲ ಎಂಬುದು ಬಿಲ್ ತಡವಾದಾಗ ರೈತರಿಗೆ ಮೊದಲು ತಿಳಿಯುತ್ತದೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಕಾಣಿಸಲು ತಿಂಗಳುಗಳು ಬೇಕು. ಕೆಲವೊಮ್ಮೆ ಲೆಕ್ಕದ ವರ್ಷ ಮುಗಿಯುವ ಮಾರ್ಚ್‌ಗೆ ಮೊದಲು ಬಾಕಿ ತೀರಿಸಿಬಿಟ್ಟರೆ ಕಾಣಿಸುವುದೇ ಇಲ್ಲ.

ನನ್ನ ಮಾತಿಗೂ ಮಿತಿ ಇದೆ. ನನಗೆ ಗೊತ್ತಿರುವುದು ನಮ್ಮೂರಿನ ಕಾರ್ಖಾನೆ. ಅದೇ ಕಂಪನಿಗೆ ಬೇರೆ ಜಿಲ್ಲೆಯಲ್ಲೂ, ಬೇರೆ ರಾಜ್ಯದಲ್ಲೂ ಕಾರ್ಖಾನೆ ಇದ್ದರೆ ಅಲ್ಲಿನ ಸ್ಥಿತಿ ನಾನು ಹೇಗೆ ಹೇಳಲಿ?

ತುಂಗಾತೀರ, ಶಿವಮೊಗ್ಗ

ಘಟಪ್ರಭಾ ಅವರೇ, ನಾನು ಫಲಕಗಳಿಗೆ ಹೋಗುವುದೇ ನಿಮ್ಮಂಥವರನ್ನು ಹುಡುಕಿಕೊಂಡು. ಔಷಧ ಕಂಪನಿಯ ಚರ್ಚೆಯ ಎಳೆಯಲ್ಲಿ ಒಬ್ಬ ಮೆಡಿಕಲ್ ರೆಪ್ರೆಸೆಂಟೆಟಿವ್, ಪಂಪು ತಯಾರಿಸುವ ಕಂಪನಿಯ ಎಳೆಯಲ್ಲಿ ಒಬ್ಬ ಅಂಗಡಿಯವರು, ಬಸ್ ಬಿಡಿಭಾಗಗಳ ಬಗ್ಗೆ ಗ್ಯಾರೇಜಿನವರು. ಇವರು ಷೇರಿನ ಬೆಲೆಯ ಗೋಜಿಗೆ ಹೋಗುವುದಿಲ್ಲ. "ಡೀಲರ್‌ಗೆ ಕೊಡುವ ಉದ್ದರಿ 30 ದಿನ ಇದ್ದದ್ದು 60ಕ್ಕೆ ಏರಿಸಿದ್ದಾರೆ" ಎಂದು ಒಂದು ಸಾಲು ಬರೆದು ಹೋಗುತ್ತಾರೆ. ಅದಕ್ಕೆ ಒಂದು ಮೆಚ್ಚುಗೆಯೂ ಬಿದ್ದಿರುವುದಿಲ್ಲ. ಆದರೆ ಮಾರಾಟ ಏಕೆ ಏರಿತು, ನಗದು ಏಕೆ ಬರಲಿಲ್ಲ ಎಂಬ ಒಗಟು ಬಿಡಿಸಲು ಆ ಒಂದು ಸಾಲು ಸಾಕು.

ಹಾಗೆ ಬರೆದವರ ಹಳೆಯ ಬರಹಗಳನ್ನೂ ತೆರೆದು ನೋಡುತ್ತೇನೆ. ವರ್ಷಗಳಿಂದ ಒಂದೇ ಉದ್ಯಮದ ಬಗ್ಗೆ ಬರೆಯುತ್ತಿದ್ದರೆ ನಂಬಿಕೆ ಹೆಚ್ಚು. ಮೊನ್ನೆ ಖಾತೆ ತೆರೆದು ಒಂದೇ ಕಂಪನಿಯ ಗುಣಗಾನ ಮಾಡುವವರಾದರೆ ಅಲ್ಲಿಗೆ ನಮಸ್ಕಾರ.

ಮಾರುಕಟ್ಟೆನಾಡಿ, ಬೆಂಗಳೂರು

ಎಲ್ಲರೂ ಬೆಲೆಯ ಮಾತನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನಾನು ದಿನವಹಿ ವ್ಯಾಪಾರ ಮಾಡುವವನು, ನನಗೆ ಆ ಗದ್ದಲವೇ ಮಾಹಿತಿ. ಅವರು ಹೇಳುವುದು ನಿಜವೋ ಸುಳ್ಳೋ ನನಗೆ ಬೇಡ, ಎಷ್ಟು ಜನ ಎಷ್ಟು ಜೋರಾಗಿ ಹೇಳುತ್ತಿದ್ದಾರೆ ಎಂಬುದು ಬೇಕು. ತಿಂಗಳುಗಟ್ಟಲೆ ಯಾರೂ ಮಾತನಾಡದ ಷೇರಿನ ಪುಟದಲ್ಲಿ ಒಂದು ಬೆಳಿಗ್ಗೆ ಸಂದೇಶಗಳ ಮಳೆ ಸುರಿದರೆ ಅಂದು ಏರಿಳಿತ ದೊಡ್ಡದಿರುತ್ತದೆ ಎಂದು ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕಿಳಿದರೆ ಮಾರು ಎಂದು ಮೊದಲೇ ಕೊಟ್ಟ ಆದೇಶ) ಸರಿಪಡಿಸಿಕೊಳ್ಳುತ್ತೇನೆ.

ಇನ್ಫೋಸಿಸ್ ನೆನಪಿಸಿಕೊಳ್ಳಿ. 2019ರ ಅಕ್ಟೋಬರ್‌ನಲ್ಲಿ ಹೆಸರು ಹೇಳದ ಉದ್ಯೋಗಿಗಳ ದೂರು ಪತ್ರ ಹೊರಬಂತು. 22ರಂದು ಒಂದೇ ದಿನ ಷೇರು ಸುಮಾರು 16% ಬಿತ್ತು. ಫಲಕ ತೆರೆದರೆ ಮಸಣದ ಗೋಳು. 2020ರ ಜನವರಿಯಲ್ಲಿ ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ಆರೋಪಗಳಿಗೆ ಆಧಾರ ಸಿಗಲಿಲ್ಲ ಎಂದಿತು. ಆ ಗೋಳಾಟ ನಮ್ಮಂಥವರಿಗೆ ಬೆಲೆಯ ಸುಳಿವು ಕೊಟ್ಟಿತ್ತು.

ಲೆಕ್ಕಪುಸ್ತಕ, ಹುಬ್ಬಳ್ಳಿ

ಆಧಾರ ಸಿಗಲಿಲ್ಲ ಎಂದು ತಿಳಿದದ್ದು ಜನವರಿಯಲ್ಲಿ. ಅಕ್ಟೋಬರ್ 22ರಂದು ನಿಮಗೆ ಅದು ಹೇಗೆ ಗೊತ್ತಿತ್ತು? ಸತ್ಯಂನ ಷೇರನ್ನು 2009ರ ಜನವರಿಯಲ್ಲಿ ಬಿದ್ದಾಗ ಕೊಂಡವರೂ ಹಾಗೆಯೇ ಎಣಿಸಿರಬಹುದು. ಅಲ್ಲಿ ಪ್ರವರ್ತಕರೇ ಪತ್ರ ಬರೆದು ಲೆಕ್ಕ ತಿರುಚಿದ್ದನ್ನು ಒಪ್ಪಿಕೊಂಡಿದ್ದರು. ಗೋಳು ಎರಡೂ ಕಡೆ ಒಂದೇ ಥರ ಕೇಳುತ್ತದೆ.

ಮಾರುಕಟ್ಟೆನಾಡಿ, ಬೆಂಗಳೂರು

ಅದಕ್ಕೇ ಸ್ಟಾಪ್‌ಲಾಸ್ ಎಂದೆ ಸ್ವಾಮಿ. ನಾನು ಸಂಸಾರ ಹೂಡಲು ಬಂದವನಲ್ಲ.

ಸನ್ನಿವೇಲ್‌ಕನ್ನಡಿಗ, ಕ್ಯಾಲಿಫೋರ್ನಿಯಾ

ಮಾರುಕಟ್ಟೆನಾಡಿ ಅವರ ಅನುಭವಕ್ಕೆ ಸಂಶೋಧನೆಯ ಬೆಂಬಲವೂ ಇದೆ, ಅರ್ಧ ಮಾತ್ರ. ಆಂಟ್‌ವೈಲರ್ ಮತ್ತು ಫ್ರಾಂಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಯಾಹೂ ಫೈನಾನ್ಸ್ ಮತ್ತು ರೇಜಿಂಗ್ ಬುಲ್ ಫಲಕಗಳಲ್ಲಿ 45 ಕಂಪನಿಗಳ ಬಗ್ಗೆ ಬಂದ ಸುಮಾರು 15 ಲಕ್ಷ ಸಂದೇಶಗಳನ್ನು ಜಾಲಾಡಿ 2004ರಲ್ಲಿ ಪ್ರಬಂಧ ಪ್ರಕಟಿಸಿದರು. ಸಂದೇಶಗಳಿಂದ ಮುಂದಿನ ಏರಿಳಿತದ ಸುಳಿವು ಸಿಗುತ್ತದೆ ಎಂದು ಕಂಡುಬಂತು. ಷೇರಿನ ಗಳಿಕೆಯ ಮೇಲೆ ಕಂಡ ಪರಿಣಾಮ ಮಾತ್ರ ಬಹಳ ಸಣ್ಣದು. ಅಂದರೆ ಗದ್ದಲದಿಂದ ಬಿರುಗಾಳಿ ಬರುವುದು ಗೊತ್ತಾಗುತ್ತದೆ, ಯಾವ ದಿಕ್ಕಿಗೆ ಎಂಬುದು ಗೊತ್ತಾಗುವುದಿಲ್ಲ. ದೀರ್ಘಕಾಲದ ಹೂಡಿಕೆದಾರನಿಗೆ ಅದರಿಂದ ಏನು ಪ್ರಯೋಜನ?

ಯಾರು ಬರೆಯುತ್ತಿದ್ದಾರೆ ಎಂಬ ಪ್ರಶ್ನೆಗೆ ಇಲ್ಲಿಯ ಒಂದು ಪ್ರಸಂಗ ಸ್ವಾರಸ್ಯಕರ. ಯಾಹೂ ಫಲಕದಲ್ಲಿ 'ರಹೊಡೆಬ್' ಎಂಬ ಹೆಸರಿನವರೊಬ್ಬರು ಎಂಟು ವರ್ಷಗಳ ಆಸುಪಾಸು ಹೋಲ್ ಫುಡ್ಸ್ ಕಂಪನಿಯನ್ನು ಹೊಗಳುತ್ತ, ಪ್ರತಿಸ್ಪರ್ಧಿ ವೈಲ್ಡ್ ಓಟ್ಸ್ ಅನ್ನು ತೆಗಳುತ್ತ ಬರೆಯುತ್ತಿದ್ದರು. 2007ರಲ್ಲಿ ಹೋಲ್ ಫುಡ್ಸ್ ಅದೇ ವೈಲ್ಡ್ ಓಟ್ಸ್ ಅನ್ನು 56.5 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿತು. ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದಾಗ ಗುಟ್ಟು ಬಯಲಾಯಿತು. ರಹೊಡೆಬ್ ಬೇರೆ ಯಾರೂ ಅಲ್ಲ, ಹೋಲ್ ಫುಡ್ಸ್‌ನ ಆಗಿನ ಮುಖ್ಯಸ್ಥ ಜಾನ್ ಮ್ಯಾಕಿ. ಹೆಂಡತಿಯ ಹೆಸರು ಡೆಬೋರಾ, ಅದರ ಅಕ್ಷರಗಳನ್ನು ಕಲಸಿ ಹೆಸರು ಕಟ್ಟಿಕೊಂಡಿದ್ದರು.

ಇನ್ನೊಂದು ತುದಿಯಲ್ಲಿ ನ್ಯೂಜೆರ್ಸಿಯ 15 ವರ್ಷದ ಹುಡುಗ. ಸಣ್ಣ ಷೇರುಗಳನ್ನು ಕೊಂಡು, ಬೇರೆ ಬೇರೆ ಹೆಸರಿನಲ್ಲಿ ಯಾಹೂ ಫಲಕಗಳ ತುಂಬ ಹೊಗಳಿಕೆ ಬರೆದು ಮಾರುತ್ತಿದ್ದ. 2000ದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಕರು ಅವನಿಂದ ಬಡ್ಡಿ ಸೇರಿ 2 ಲಕ್ಷ 85 ಸಾವಿರ ಡಾಲರ್ ವಸೂಲು ಮಾಡಿದರು. ಒಂದೇ ಫಲಕದಲ್ಲಿ, ಒಂದೇ ಬಗೆಯ ಅಕ್ಷರದಲ್ಲಿ ಮುಖ್ಯಸ್ಥನೂ ಬರೆಯುತ್ತಾನೆ, ಹೈಸ್ಕೂಲು ಹುಡುಗನೂ ಬರೆಯುತ್ತಾನೆ. ಓದುವವನಿಗೆ ವ್ಯತ್ಯಾಸ ಕಾಣುವುದಿಲ್ಲ.

ಕಡಲತಡಿ, ಉಡುಪಿ

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಇಷ್ಟು ಹೊತ್ತು ಯಾರೂ ಕಂಪನಿ ಸಾಲ ತೀರಿಸಬಲ್ಲದೇ ಎಂದು ಅಳೆಯುವ ಕ್ರೆಡಿಟ್ ರೇಟಿಂಗ್ ವರದಿಯ ಮಾತೆತ್ತದಿರುವುದು ನನಗೆ ಆಶ್ಚರ್ಯ. ಕ್ರಿಸಿಲ್, ಇಕ್ರಾ, ಕೇರ್ ಇವರೆಲ್ಲ ರೇಟಿಂಗ್ ಕೊಟ್ಟ ಕಾರಣವನ್ನು ತಮ್ಮ ಜಾಲತಾಣದಲ್ಲಿ ಪುಕ್ಕಟೆಯಾಗಿ ಹಾಕುತ್ತಾರೆ. ಷೇರು ಫಲಕದಲ್ಲಿ ಬರೆಯುವವರು ಕನಸು ನೋಡಿ ಬರೆಯುತ್ತಾರೆ, ಸಾಲ ಕೊಟ್ಟವರಿಗಾಗಿ ಬರೆಯುವವರು ಅಸಲು ವಾಪಸು ಬರುತ್ತದೆಯೇ ಎಂದು ನೋಡಿ ಬರೆಯುತ್ತಾರೆ. ಓವರ್‌ಡ್ರಾಫ್ಟ್ ಮಿತಿಯನ್ನು ಎಷ್ಟು ಬಳಸಿದ್ದಾರೆ, ಒಬ್ಬನೇ ಗ್ರಾಹಕನ ಮೇಲೆ ಎಷ್ಟು ಅವಲಂಬನೆ, ಸರಕು ಎಷ್ಟು ದಿನ ಗೋದಾಮಿನಲ್ಲಿ ಕೊಳೆಯುತ್ತದೆ, ಎಲ್ಲವೂ ಎರಡು ಮೂರು ಪುಟಗಳಲ್ಲಿ ಇರುತ್ತದೆ. ಕಂಪನಿಯ ಸ್ವಂತ ಪ್ರಸ್ತುತಿಯಲ್ಲಿ ಇವು ಇರುವುದು ಅಪರೂಪ.

ಪ್ರವರ್ತಕರು ಸಾಲಕ್ಕಾಗಿ ಅಡವಿಟ್ಟ ಷೇರುಗಳನ್ನೂ ನೋಡಿ. ಕಾಫಿ ಡೇ ಎಂಟರ್‌ಪ್ರೈಸಸ್ ನಮ್ಮ ಚಿಕ್ಕಮಗಳೂರಿನ ಹೆಮ್ಮೆಯಾಗಿತ್ತು. ಅಂಗಡಿಗಳಲ್ಲಿ ಜನ ತುಂಬಿರುವುದನ್ನು ಎಲ್ಲರೂ ನೋಡುತ್ತಿದ್ದೆವು. ಪ್ರವರ್ತಕರ ಪಾಲಿನ ದೊಡ್ಡ ಭಾಗ ಅಡವಿನಲ್ಲಿದೆ ಎಂಬುದು ಷೇರುದಾರಿಕೆಯ ವಿವರದಲ್ಲಿ ಯಾರು ಬೇಕಾದರೂ ನೋಡಬಹುದಾಗಿದ್ದ ಸಂಗತಿ. ಆದರೆ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸಂಬಂಧಿಸಿದ ಸಂಸ್ಥೆಗೆ ಹೋಗಿತ್ತು ಎಂಬುದು ಹೊರಬಂದದ್ದು 2019ರಲ್ಲಿ ಸಂಸ್ಥಾಪಕ ಸಿದ್ಧಾರ್ಥ ಅವರ ದುರಂತ ಸಾವಿನ ನಂತರದ ತನಿಖೆಯಲ್ಲಿ. ಸೆಬಿ 2023ರ ಜನವರಿಯಲ್ಲಿ ಕಂಪನಿಗೆ 26 ಕೋಟಿ ದಂಡ ವಿಧಿಸಿತು. ಆದ್ದರಿಂದ ಕಾಗದಪತ್ರ ಓದಿದರೆ ಎಲ್ಲವೂ ತಿಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಅಡವಿನ ಸಾಲು ನೋಡಿದ್ದರೆ ಎಚ್ಚರ ಮೂಡುತ್ತಿತ್ತು, ಅಷ್ಟೇ.

ಹೊಸಹೆಜ್ಜೆ, ದಾವಣಗೆರೆ

ಮೇಡಂ, ರೇಟಿಂಗ್ ವರದಿ ಹುಡುಕುತ್ತೇನೆ. ಈ ನಡುವೆ ಇನ್ನೊಂದು. ಗುಂಪಿನಲ್ಲಿ ಒಬ್ಬರು ತಾವು ಆ ಕಂಪನಿಯ ಲೆಕ್ಕ ವಿಭಾಗದವರೆಂದೂ ಈ ತ್ರೈಮಾಸಿಕದ ಲಾಭ ಇಷ್ಟು ಎಂದೂ ಅಂಕಿಯನ್ನೇ ಬರೆದಿದ್ದಾರೆ. ಇದು ನಿಜವಾದರೆ ಒಳ್ಳೆಯ ಮಾಹಿತಿ ಅಲ್ಲವೇ?

ಲೆಕ್ಕಪುಸ್ತಕ, ಹುಬ್ಬಳ್ಳಿ

ಸುಳ್ಳಾದರೆ ನಿಮ್ಮ ಹಣ ಹೋಗುತ್ತದೆ. ನಿಜವಾದರೆ ಅದು ಪ್ರಕಟವಾಗದ, ಬೆಲೆಯ ಮೇಲೆ ಪರಿಣಾಮ ಬೀರುವ ಮಾಹಿತಿ. ಅದನ್ನಿಟ್ಟುಕೊಂಡು ವ್ಯವಹಾರ ಮಾಡುವುದು 2015ರ ಒಳವ್ಯವಹಾರ ತಡೆ ನಿಯಮಗಳಂತೆ ಅಪರಾಧ, ಹೇಳಿದವರಿಗೂ ಕೇಳಿ ಕೊಂಡವರಿಗೂ. 2017ರಲ್ಲಿ ದೊಡ್ಡ ದೊಡ್ಡ ಕಂಪನಿಗಳ ಫಲಿತಾಂಶದ ಅಂಕಿಗಳು ಪ್ರಕಟಣೆಗೆ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು ಎಂಬ ಸುದ್ದಿ ಬಂದಾಗ ಸೆಬಿ ಮೊಬೈಲ್‌ಗಳನ್ನು ವಶಪಡಿಸಿಕೊಂಡು ಕಳುಹಿಸಿದವರಿಗೆ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ದಂಡಗಳು ನಿಲ್ಲಲಿಲ್ಲ. ಸಂದೇಶ ಸೋರಿಕೆಯೋ ಬರಿಯ ಪೇಟೆಯ ಊಹೆಯೋ ಎಂಬುದನ್ನು ಸಾಬೀತು ಮಾಡುವುದು ಅಷ್ಟು ಕಷ್ಟ. ಆದರೆ ವರ್ಷಗಟ್ಟಲೆ ನೋಟಿಸಿಗೆ ಉತ್ತರ ಬರೆಯುತ್ತ ಕೂರುವುದು ಯಾರಿಗೆ ಬೇಕು?

ಮಾರುಕಟ್ಟೆನಾಡಿ, ಬೆಂಗಳೂರು

ವಾಟ್ಸ್‌ಆ್ಯಪ್ ಎಂದಾಗ ಇನ್ಫಿಬೀಮ್ ಕಂಪನಿ ನೆನಪಾಯಿತು. 2018ರ ಸೆಪ್ಟೆಂಬರ್ 28. ದಲ್ಲಾಳಿ ಸಂಸ್ಥೆಯಿಂದ ಹೊರಟ ಒಂದು ಸಂದೇಶ, ಅಂಗಸಂಸ್ಥೆಗೆ ಕೊಟ್ಟ ಬಡ್ಡಿರಹಿತ ಸಾಲದ ಬಗ್ಗೆ ಅನುಮಾನ. ಒಂದೇ ದಿನದಲ್ಲಿ ಷೇರು ಸುಮಾರು 70% ನೆಲಕಚ್ಚಿತು. ಆ ದಿನ "ಇದರಲ್ಲಿ ಎಷ್ಟು ನಿಜ, ವಾರ್ಷಿಕ ವರದಿ ತೆಗೆಯೋಣ" ಎಂದವರು ಪುಟ ತಿರುಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಅಧ್ಯಯನದ ವೇಗ ಮಾರುಕಟ್ಟೆಗೆ ಸಾಲುವುದಿಲ್ಲ ಎಂಬುದೇ ನನ್ನ ತಕರಾರು.

ಕಡಲತಡಿ, ಉಡುಪಿ

ವಾರ್ಷಿಕ ವರದಿಯನ್ನು ಕೊಳ್ಳುವ ಮೊದಲು ಓದಬೇಕು, ಬಿದ್ದ ದಿನ ಅಲ್ಲ.

ತುಂಗಾತೀರ, ಶಿವಮೊಗ್ಗ

ಇನ್ಫಿಬೀಮ್‌ನಂಥ ದಿನ ಓಡಿದವರಿಗೂ ದಾರಿ ಇರುವುದಿಲ್ಲ, ಕೊಳ್ಳುವವರೇ ಇರುವುದಿಲ್ಲ. ಅದು ವೇಗದ ಪ್ರಶ್ನೆ ಎಂದು ನನಗೆ ಅನ್ನಿಸುವುದಿಲ್ಲ.

ಬೇರೊಂದು ವಿಷಯ. ಹೆತ್ತವರಿಗೆ ಹೆಗ್ಗಣ ಮುದ್ದು. ಷೇರು ಕೈಯಲ್ಲಿದ್ದವರು ಅದರ ಬಗ್ಗೆ ಕೆಟ್ಟದ್ದನ್ನು ಕೇಳಲಾರರು. ವ್ಯಾಲ್ಯೂಪಿಕರ್‌ನಲ್ಲಿ ನನಗೆ ಹಿಡಿಸುವ ಒಂದು ಪದ್ಧತಿ ಎಂದರೆ ಬರೆದವರು ಕೊನೆಯಲ್ಲಿ "ನನ್ನ ಹೂಡಿಕೆ ಇದೆ" ಅಥವಾ "ಇಲ್ಲ" ಎಂದು ನಮೂದಿಸುವುದು. ಘಟಪ್ರಭಾ ಅವರೂ ಮೊದಲೇ ಹೇಳಿದರು. ನಾನು ಯಾವುದೇ ಕಂಪನಿಯ ಎಳೆಗೆ ಹೋದರೂ ಮೊದಲು ಹುಡುಕುವುದು ಷೇರು ಮಾರಿ ಹೊರನಡೆದವರ ಬರಹವನ್ನು. ಏಕೆ ಮಾರಿದೆ ಎಂದು ಕಾರಣ ಕೊಟ್ಟು ಬರೆದವರಿಗೆ ಬೆಲೆ ಏರಿಸಬೇಕಾದ ಹಂಗಿಲ್ಲ. ಅಂಥ ಬರಹವನ್ನು ಅಳಿಸಿಹಾಕುವ ಫಲಕವಾದರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ. ಮೊನ್ನೆ ಒಂದು ಎಳೆಯಲ್ಲಿ ಲೆಕ್ಕಪರಿಶೋಧಕರು ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟದ್ದನ್ನು ಒಬ್ಬರು ಎತ್ತಿ ತೋರಿಸಿದರು. ಅದಕ್ಕೆ ಬಂದ ಉತ್ತರಗಳಲ್ಲಿ ರಾಜೀನಾಮೆಯ ಬಗ್ಗೆ ಒಂದು ಮಾತೂ ಇರಲಿಲ್ಲ, ಬರೆದವರ ಜಾತಕ ಮಾತ್ರ ಇತ್ತು. ನನಗೆ ಬೇಕಾದದ್ದು ಅಲ್ಲೇ ಸಿಕ್ಕಿತು.

ಬೆಣ್ಣೆಹಳ್ಳ, ಗದಗ

ಮೌನವಾಗಿ ಓದುತ್ತಿದ್ದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಗುಂಪಿನವರು ನಿಮ್ಮ ಡಿಮ್ಯಾಟ್ ಬಿಟ್ಟು ಬೇರೆ ಆ್ಯಪ್‌ಗೆ, ಬೇರೆಯವರ ಖಾತೆಗೆ ಹಣ ಹಾಕಲು ಹೇಳಿದರೆ ಅದು ಷೇರು ಚರ್ಚೆಯೇ ಅಲ್ಲ, ಸೈಬರ್ ವಂಚನೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸಲಹೆಗೆ ಶುಲ್ಕ ಕೇಳುವವರಾದರೆ ನೋಂದಣಿ ಸಂಖ್ಯೆ ಕೇಳಿ. ಸಂಶೋಧನಾ ವಿಶ್ಲೇಷಕರದು 'ಐಎನ್‌ಎಚ್', ಹೂಡಿಕೆ ಸಲಹೆಗಾರರದು 'ಐಎನ್‌ಎ' ಎಂದು ಶುರುವಾಗುತ್ತದೆ. ಅವರು ಕೊಟ್ಟ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ಹೊಂದಿಸಿ ನೋಡಿ, ಬೇರೆಯವರ ಸಂಖ್ಯೆಯನ್ನು ತಮ್ಮದೆಂದು ಹಾಕಿಕೊಳ್ಳುವವರೂ ಇದ್ದಾರೆ.

ಹೊಸಹೆಜ್ಜೆ, ದಾವಣಗೆರೆ

ಮೇಡಂ ಹೇಳಿದಂತೆ ರೇಟಿಂಗ್ ವರದಿ ಹುಡುಕಿದೆ, ಸಿಕ್ಕಿತು. ಕಂಪನಿಯ ಹೆಸರಿನ ಮುಂದೆ "ಇಶ್ಯೂಯರ್ ನಾಟ್ ಕೋಆಪರೇಟಿಂಗ್", ಅಂದರೆ ರೇಟಿಂಗ್ ಪಡೆದ ಕಂಪನಿ ಸಹಕರಿಸುತ್ತಿಲ್ಲ ಎಂಬ ಅರ್ಥದ ಷರಾ ಇದೆ. ಏನಿದು? ಬಿಎಸ್‌ಇಯಲ್ಲಿ ಹಿಂದಿನ ಎರಡು ಆರ್ಡರ್ ಪ್ರಕಟಣೆಗಳೂ ಸಿಕ್ಕವು. ಆನಂತರದ ಫಲಿತಾಂಶಗಳಲ್ಲಿ ಮಾರಾಟ ಇದ್ದಲ್ಲೇ ಇದೆ.

ಕಡಲತಡಿ, ಉಡುಪಿ

ರೇಟಿಂಗ್ ಸಂಸ್ಥೆ ಕೇಳಿದ ಲೆಕ್ಕ, ಮಾಹಿತಿಗಳನ್ನು ಕಂಪನಿ ಕೊಡುತ್ತಿಲ್ಲ ಎಂದು ಅರ್ಥ. ಹೊರಗೆ ಸಿಗುವ ಮಾಹಿತಿಯ ಮೇಲೆ ರೇಟಿಂಗ್ ಇಟ್ಟು ಆ ಷರಾ ಹಾಕುತ್ತಾರೆ. ಕೆಲವೊಮ್ಮೆ ಕಂಪನಿ ಸಾಲ ತೀರಿಸಿ ಬೇರೆ ರೇಟಿಂಗ್ ಸಂಸ್ಥೆಗೆ ಹೋಗಿರುತ್ತದೆ, ಹಳೆಯದು ಹಾಗೆಯೇ ತೂಗಾಡುತ್ತಿರುತ್ತದೆ. ಆದ್ದರಿಂದ ಬೇರೆ ಸಂಸ್ಥೆಯ ರೇಟಿಂಗ್ ಇದೆಯೇ ಎಂದೂ ನೋಡಿ. ಯಾವುದೂ ಇಲ್ಲದಿದ್ದರೆ, ಸಾಲ ಕೊಟ್ಟವರಿಗೇ ಲೆಕ್ಕ ತೋರಿಸದವರು ನಿಮಗೆ ತೋರಿಸುತ್ತಾರೆಯೇ?

ಹೊಸಹೆಜ್ಜೆ, ದಾವಣಗೆರೆ

ಬೇರೆ ಯಾವುದೂ ಇಲ್ಲ ಮೇಡಂ. ಆ ವರದಿಯ ಕೊಂಡಿಯನ್ನು ಟೆಲಿಗ್ರಾಂ ಗುಂಪಿನಲ್ಲಿ ಹಾಕಿ, ಇದಕ್ಕೆ ಯಾರಾದರೂ ವಿವರಣೆ ಕೊಡಬಹುದೇ ಎಂದು ಕೇಳಿದೆ. ಚಹಾ ಕುಡಿದು ಬರುವಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದ್ದರು. ಷೇರು ಮಾತ್ರ ಇವತ್ತೂ ಅಪ್ಪರ್ ಸರ್ಕ್ಯೂಟ್. ನನ್ನನ್ನು ಸೇರಿಸಿದ ಪರಿಚಯದವರು ಇದರಲ್ಲಿ ಒಳ್ಳೆಯ ಮೊತ್ತ ಹಾಕಿದ್ದಾರೆ. ಅವರಿಗೆ ಮಾರಲು ಹೇಳಲೇ?

ಲೆಕ್ಕಪುಸ್ತಕ, ಹುಬ್ಬಳ್ಳಿ

ಮಾರಿ, ಕೊಳ್ಳಿ ಎಂದು ಹೇಳಲು ನನಗೂ ನೋಂದಣಿ ಇಲ್ಲ, ನಿಮಗೂ ಇಲ್ಲ. ನೀವು ನೋಡಿದ ಮೂರನ್ನೂ, ಅಂದರೆ ರೇಟಿಂಗ್ ಷರಾ, ಹಳೆಯ ಆರ್ಡರ್ ಪ್ರಕಟಣೆಗಳು, ಏರದ ಮಾರಾಟ, ಕೊಂಡಿ ಸಮೇತ ಅವರಿಗೆ ನೇರವಾಗಿ ಕಳುಹಿಸಿ. ಇಂದೇ ಕಳುಹಿಸಿ. ಸದ್ಯಕ್ಕೆ ಆ ಷೇರಿಗೆ ಕೊಳ್ಳುವವರು ಇದ್ದಾರೆ.